“ಎಷ್ಟು ಬೆಡ್ ಹಾಕ್ತೀರಿ?” ಅಂತ ಕೇಳುವವರಿಗೆ

ಪ್ರವಾಹ, ಭೂಕುಸಿತ ಆದಾಗ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ಎಲ್ಲಿ ತೆರೆಯಬೇಕು ಅಂತ ಮೊದಲೇ ಜಾಗ ಗುರುತಿಸಿಡುವುದು ನನ್ನ ಕೆಲಸದ ಒಂದು ಭಾಗ. ಇದನ್ನು ಹೇಳಿದ ಕೂಡಲೇ ಪಂಚಾಯ್ತಿ ಸದಸ್ಯರಿಂದ ಹಿಡಿದು ಮದುವೆ ಊಟದಲ್ಲಿ ಪಕ್ಕ ಕೂತ ಮಾವನವರೆಗೂ ಎಲ್ಲರೂ ಕೇಳುವುದು ಒಂದೇ: “ಎಷ್ಟು ಬೆಡ್ ಹಾಕ್ತೀರಿ?”

ಬೆಡ್ ಕೊನೆಗೆ. ನಾನು ಮೊದಲು ನೋಡುವುದು ಗೇಟು.

ಇದು ಒಂದು ಮಾಕ್ ಡ್ರಿಲ್‌ನಲ್ಲಿ ಕಲಿತ ಪಾಠ. ನಮ್ಮ ಕಡೆಯ ಒಂದು ಕಲ್ಯಾಣ ಮಂಟಪ. ದೊಡ್ಡ ಹಾಲ್, ಫ್ಯಾನ್, ಜನರೇಟರ್ ಎಲ್ಲ ಇತ್ತು. ಅರವತ್ತು ಮಂಚ ಸಾಲಾಗಿ ಹಾಕಿ ಫೋಟೋ ಬೇರೆ ತೆಗೆಸಿಕೊಂಡೆವು. ಮೊದಲ ಆಂಬುಲೆನ್ಸ್ ಒಳಗೆ ಬಂತು. ಅದರ ಬೆನ್ನಿಗೇ ಎರಡನೆಯದು. ಗೇಟು ಒಂದೇ, ತಿರುಗಿಸಲು ಜಾಗ ಇಲ್ಲ. ಎರಡನೆಯದು ರಿವರ್ಸ್ ಹೋಗಬೇಕೆಂದರೆ ರಸ್ತೆಯಲ್ಲಿದ್ದ ಮೂರನೆಯದು ಹಿಂದೆ ಸರಿಯಬೇಕು. ಅದರ ಹಿಂದೆ ಕಬ್ಬಿನ ಟ್ರ್ಯಾಕ್ಟರ್! ಇಪ್ಪತ್ತು ನಿಮಿಷ ಬರೀ ಹಾರ್ನು. ಗಾಯಾಳು ಪಾತ್ರ ಮಾಡುತ್ತಿದ್ದ ಕಾಲೇಜು ಹುಡುಗ ಸ್ಟ್ರೆಚರ್ ಮೇಲೆ ಎದ್ದು ಕೂತು, “ಸಾರ್, ನಾನು ಸತ್ತೆ ಅಂತ ಬರ್ಕೊಳ್ಳಿ” ಅಂದ.

ಅವತ್ತಿನಿಂದ, ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಇಲ್ಲದ ಜಾಗವನ್ನು ನಾನು ಪಟ್ಟಿಗೇ ಸೇರಿಸುವುದಿಲ್ಲ.

ಗೇಟಿನ ಹತ್ತಿರವೇ ಗಾಯಾಳುಗಳ ವಿಂಗಡಣೆ ಆಗಬೇಕು. ಒಬ್ಬೊಬ್ಬರಿಗೂ ಒಂದು ಬಣ್ಣದ ಪಟ್ಟಿ ಕಟ್ಟುತ್ತೇವೆ: ಕೆಂಪು ಅಂದರೆ ತಕ್ಷಣ ಚಿಕಿತ್ಸೆ ಬೇಕು, ಹಳದಿ ಅಂದರೆ ಸ್ವಲ್ಪ ಕಾಯಬಹುದು, ಹಸಿರು ಅಂದರೆ ಸಣ್ಣ ಗಾಯ, ಕಪ್ಪು ಅಂದರೆ ಸತ್ತವರು ಅಥವಾ ಉಳಿಯುವ ಆಸೆ ಇಲ್ಲದವರು. ನಡೆಯಬಲ್ಲವರು ಹಸಿರು. ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರಾಟ ಇದ್ದರೆ ಕೆಂಪು. ಉಗುರು ಒತ್ತಿಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೂ ಕೆಂಪು, ಕೈ ಎತ್ತಿ ಅಂದಾಗ ಎತ್ತದಿದ್ದರೂ ಕೆಂಪು. ಇಷ್ಟೆಲ್ಲ ಒಬ್ಬರಿಗೆ ಒಂದು ನಿಮಿಷದೊಳಗೆ ಮುಗಿಯಬೇಕು. ಮೊದಲು ಬಂದು ಸೇರುವವರು ಹಸಿರಿನವರೇ. ಬೈಕೋ ಆಟೋನೋ ಹತ್ತಿ ತಾವಾಗಿಯೇ ಬರುತ್ತಾರೆ, ನೋವಿಗೆ ಜೋರಾಗಿ ಕೂಗುತ್ತಾರೆ ಪಾಪ. ಮಣ್ಣಿನಡಿ ಸಿಕ್ಕಿದವರು ಆಮೇಲೆ ಬರುತ್ತಾರೆ, ಸದ್ದಿಲ್ಲದೆ. ಹಸಿರಿನವರಿಗೆ ದೂರದಲ್ಲಿ ಬೇರೆ ಶಾಮಿಯಾನ ಇಲ್ಲದಿದ್ದರೆ, ನಿಮ್ಮ ಅರವತ್ತೂ ಮಂಚ ಅಷ್ಟೊತ್ತಿಗೆ ಭರ್ತಿ.

ಆಮೇಲೆ ನೀರು. ಒಳರೋಗಿ ಒಬ್ಬರಿಗೆ ದಿನಕ್ಕೆ 40ರಿಂದ 60 ಲೀಟರ್ ಬೇಕು. 50 ಜನಕ್ಕೆ 2,000ದಿಂದ 3,000 ಲೀಟರ್, ಅಂದರೆ ದಿನಾ ಒಂದು ಸಣ್ಣ ಟ್ಯಾಂಕರ್. 20 ಬೆಡ್‌ಗೆ ಕನಿಷ್ಠ ಒಂದು ಶೌಚಾಲಯ.

ಸರಿ, ಬೆಡ್‌ಗೆ ಬರೋಣ. ಆಪರೇಷನ್ ಮಾಡುವ ತುರ್ತು ವೈದ್ಯಕೀಯ ತಂಡಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ಒಂದು ಆಪರೇಷನ್ ಟೇಬಲ್‌ಗೆ 20 ಬೆಡ್, ದಿನಕ್ಕೆ 7 ದೊಡ್ಡ ಆಪರೇಷನ್ ಮಾಡುವ ಶಕ್ತಿ. ಅಷ್ಟೇ! 2020ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಬೆಡ್‌ಗಳ ಕೋವಿಡ್ ಕೇಂದ್ರದ ಯೋಜನೆ ದೊಡ್ಡ ಸುದ್ದಿಯಾಗಿತ್ತು. ಅದು ಲಕ್ಷಣ ಇಲ್ಲದವರಿಗೆ, ಕಡಿಮೆ ಇದ್ದವರಿಗೆ. ಅಂಥವರು ಮನೆಯಲ್ಲೇ ಇರಬಹುದು ಅಂತಾದ ಮೇಲೆ ಬರುವವರು ಕಡಿಮೆಯಾಗಿ, ಸೆಪ್ಟೆಂಬರ್‌ನಲ್ಲಿ ಮುಚ್ಚಿತು.

“ಶಾಲೆ ಇದೆಯಲ್ಲ, ಅಲ್ಲೇ ಮಾಡಿ” ಅನ್ನುವವರೂ ಇದ್ದಾರೆ. ಆದರೆ ಮಳೆ ಜೋರಾದ ರಾತ್ರಿಯೇ ಶಾಲೆ ಕಾಳಜಿ ಕೇಂದ್ರ ಆಗಿರುತ್ತದೆ, ಮನೆ ಬಿಟ್ಟು ಬಂದವರು ಚಾಪೆ ಹಾಸಿರುತ್ತಾರೆ. ಅವರನ್ನು ಎಬ್ಬಿಸುತ್ತೀರಾ? ಜಿಲ್ಲಾಸ್ಪತ್ರೆ ಇದೆ ಅಂತ ನಂಬಿ ಕೂರುವ ಹಾಗೂ ಇಲ್ಲ. 2001ರಲ್ಲಿ ಭುಜ್‌ನ ಆಸ್ಪತ್ರೆಯೇ ಭೂಕಂಪಕ್ಕೆ ಕುಸಿದಿತ್ತು.

ಹಾಗಾಗಿ ನನ್ನ ಫೈಲ್‌ನ ಮೊದಲ ಹಾಳೆಯಲ್ಲಿ ಬೆಡ್ ಲೆಕ್ಕ ಇಲ್ಲ. ಗೇಟಿನ ಅಗಲ, ಬೀಗದ ಕೀಲಿ ಯಾರ ಹತ್ತಿರ ಇದೆ, ಟ್ಯಾಂಕರ್‌ನವರ ನಂಬರ್ ಇದೆ. ಮಳೆಗಾಲಕ್ಕೆ ಮುಂಚೆ ಎಲ್ಲರಿಗೂ ಒಮ್ಮೆ ಫೋನ್ ಮಾಡುತ್ತೇನೆ. ಹೋದ ಸಲ ಮೂರು ಟ್ಯಾಂಕರ್ ನಂಬರ್‌ಗಳಲ್ಲಿ ಎರಡು ಸ್ವಿಚ್ ಆಫ್. ಮೂರನೆಯವರು ಟ್ಯಾಂಕರ್ ಮಾರಿ ಕೋಳಿ ಫಾರಂ ಹಾಕಿದ್ದರು.