ಮೂತ್ರಕೋಶದ ಗಡ್ಡೆಯೆಲ್ಲ ಟಿಸಿಸಿ ಅಲ್ಲ

ಡೊಂಬಿವಲಿ ಕಡೆಯ ಒಂದು ನರ್ಸಿಂಗ್ ಹೋಮಿನಿಂದ ದಾದರಿನ ನಮ್ಮ ಲ್ಯಾಬಿಗೆ ಟಿಯುಆರ್‌ಬಿಟಿ (ಮೂತ್ರನಾಳದ ಮೂಲಕ ಗಡ್ಡೆ ಕೆರೆದು ತೆಗೆಯುವುದು) ಚೂರುಗಳು ಬಂದಿದ್ದವು. ಫಾರ್ಮಿನಲ್ಲಿದ್ದದ್ದು 'ಬ್ಲ್ಯಾಡರ್ ಗ್ರೋತ್, ಟಿಸಿಸಿ?' ಅಂತ, ಅಷ್ಟೇ. ಟಿಸಿಸಿ ಅಂದರೆ ಮೂತ್ರಕೋಶದ ಒಳಪೊರೆಯಲ್ಲಿ ಹುಟ್ಟುವ ಮಾಮೂಲಿ ಕ್ಯಾನ್ಸರ್. ಸಿಸ್ಟೋಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ಸ್ಕೋಪು ಹಾಕಿ ನೋಡಿದಾಗ) ಏನು ಕಂಡಿತೆಂಬ ಮಾತೇ ಇಲ್ಲ. "ಮೇಡಂ, ಚೂರುಗಳು ಮುಳುಗೇ ಇಲ್ಲ ನೋಡಿ" ಅಂತ ಕಾರ್ಕಳದ ಟೆಕ್ನಿಷಿಯನ್ ಹುಡುಗ ಡಬ್ಬ ತೆರೆದು ತೋರಿಸಿದ. ಚೂರಿನ ಹತ್ತು ಪಟ್ಟು ಫಾರ್ಮಾಲಿನ್ (ಚೂರು ಕೆಡದಂತೆ ಇಡುವ ದ್ರವ) ಇರಬೇಕಾದಲ್ಲಿ ತಳದಲ್ಲಿ ಒಂದಿಷ್ಟು.

ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನಲ್ಲಿ ಮೇಲಿನ ಯೂರೋಥೀಲಿಯಂ (ಮೂತ್ರಕೋಶದ ಒಳಪೊರೆ) ನೆಟ್ಟಗಿದೆ, ಅದರ ಕೆಳಗೆ ಒತ್ತೊತ್ತಾಗಿ ದುಂಡನೆಯ ನೀಲಿ ಕೋಶಗಳು. ಅಂಚೆಲ್ಲ ಕಾಟರಿಗೆ ಸುಟ್ಟು, ನ್ಯೂಕ್ಲಿಯಸ್‌ಗಳು ಉದ್ದುದ್ದ ಎಳೆದುಕೊಂಡಿವೆ. ಅಷ್ಟರಲ್ಲಿ ಸರ್ಜನ್ ಫೋನು: "ಹೈ ಗ್ರೇಡ್ ಅಂತ ಬರೆದುಬಿಡಿ, ಸಿಸ್ಟೆಕ್ಟಮಿಗೆ ಡೇಟ್ ಕೊಡಬೇಕು." ಐಎಚ್‌ಸಿ (ಕೋಶಗಳ ಪ್ರೋಟೀನ್ ಗುರುತು ಹಿಡಿಯುವ ಬಣ್ಣದ ಪರೀಕ್ಷೆ) ಬರುವ ತನಕ ರಿಪೋರ್ಟ್ ಇಲ್ಲ ಅಂದೆವು. ಪ್ಯಾನ್-ಸಿಕೆ (ಕಾರ್ಸಿನೋಮಾ, ಅಂದರೆ ಪೊರೆಯ ಕೋಶಗಳ ಕ್ಯಾನ್ಸರಿನ ಗುರುತು) ನೆಗೆಟಿವ್, ಸಿನಾಪ್ಟೋಫೈಸಿನ್ (ನ್ಯೂರೋಎಂಡೋಕ್ರೈನ್ ಗಡ್ಡೆಯ ಗುರುತು) ನೆಗೆಟಿವ್, ಸಿಡಿ45 (ಬಿಳಿ ರಕ್ತಕಣಗಳ ಗುರುತು) ಮತ್ತು ಸಿಡಿ20 (ಬಿ-ಲಿಂಫೋಸೈಟ್‌ಗಳ ಗುರುತು) ಗಾಢ ಪಾಸಿಟಿವ್. ಡಿಎಲ್‌ಬಿಸಿಎಲ್, ಅಂದರೆ ಬಿ-ಲಿಂಫೋಸೈಟ್‌ಗಳ ಕ್ಯಾನ್ಸರ್, ಲಿಂಫೋಮಾದ ಒಂದು ಬಗೆ. ಇದಕ್ಕೆ ಮೊದಲ ಚಿಕಿತ್ಸೆ ಆರ್-ಚಾಪ್ ಎಂಬ ಔಷಧಗಳ ಕೂಟ, ಮೂತ್ರಕೋಶ ತೆಗೆಯುವುದಲ್ಲ.

ಮೂತ್ರಕೋಶದಲ್ಲೇ ಹುಟ್ಟುವ ಲಿಂಫೋಮಾ ಅಲ್ಲಿನ ಗಡ್ಡೆಗಳಲ್ಲಿ ಶೇ. 1ಕ್ಕಿಂತ ಕಡಿಮೆ, ಮಾಲ್ಟ್ (ನಿಧಾನವಾಗಿ ಬೆಳೆಯುವ, ಲೋಳೆಪೊರೆಯ ಲಿಂಫೋಮಾ) ಮತ್ತು ಡಿಎಲ್‌ಬಿಸಿಎಲ್ ಬಗೆಗಳೇ ಹೆಚ್ಚು. ಮೂತ್ರದಲ್ಲಿ ರಕ್ತ, ಉರಿ ಎಲ್ಲ ಟಿಸಿಸಿಯಂತೆಯೇ. ಲೋಳೆಪೊರೆಯ ಅಡಿಯಲ್ಲಿ ಬೆಳೆಯುವುದರಿಂದ ಯೂರಿನ್ ಸೈಟಾಲಜಿ (ಮೂತ್ರಕ್ಕೆ ಉದುರಿದ ಕೋಶಗಳ ಪರೀಕ್ಷೆ) ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಸ್ಕೋಪಿನಲ್ಲಿ ಗಡ್ಡೆ ನುಣುಪಾಗಿ, ಮೇಲ್ಪೊರೆ ಹರಿಯದೆ ಉಬ್ಬಿ ಕಂಡರೆ ಅದನ್ನು ಫಾರ್ಮಿನಲ್ಲಿ ಬರೆಯಿರಿ. ಕೋಲ್ಡ್ ಕಪ್‌ನಿಂದ (ಸುಡದೆ ಕಚ್ಚಿ ತೆಗೆಯುವ ಚಿಮಟ) ಒಂದು ಚೂರು ತೆಗೆದು, ಫಾರ್ಮಾಲಿನ್ ಮುಟ್ಟಿಸದೆ, ಆರ್‌ಪಿಎಂಐನಲ್ಲಿ (ಕೋಶಗಳನ್ನು ಜೀವಂತ ಇಡುವ ದ್ರವ) ಅಂದೇ ಕಳಿಸಿ; ಫಾರ್ಮಾಲಿನ್‌ಗೆ ಬಿದ್ದದ್ದರ ಮೇಲೆ ಫ್ಲೋ ಸೈಟೋಮೆಟ್ರಿ (ಬಿಡಿ ಕೋಶಗಳ ಗುರುತು ಓದುವ ಪರೀಕ್ಷೆ) ಆಗುವುದಿಲ್ಲ. ಆರ್‌ಪಿಎಂಐ ಬಾಟಲಿಗೆ ಇಂಡೆಂಟ್ ಹಾಕಿದರೆ ಪರ್ಚೇಸ್‌ನವರು 'ಬಳಕೆ ಕಮ್ಮಿ' ಅಂತ ವಾಪಸ್ ಕಳಿಸುತ್ತಾರೆ. ಬೇಕಾಗುವ ದಿನ ಅದಕ್ಕೆ ಬದಲಿಲ್ಲ. ಬಯಾಪ್ಸಿಗೆ ಮುಂಚೆ ಸ್ಟೆರಾಯ್ಡ್ ಬೇಡವೇ ಬೇಡ, ಗಡ್ಡೆ ಕುಗ್ಗಿ ಡಯಾಗ್ನೋಸಿಸ್ಸೇ ಕೈತಪ್ಪುತ್ತದೆ.

ಸಿಡಿ45 ಒಂದನ್ನೇ ನಂಬಬಾರದು. ಲಿಂಫೋಎಪಿಥೀಲಿಯೋಮಾ ತರಹದ ಕಾರ್ಸಿನೋಮಾದಲ್ಲಿ ಲಿಂಫೋಸೈಟ್‌ಗಳ ಗುಂಪಿನಲ್ಲಿ ಕ್ಯಾನ್ಸರ್ ಕೋಶಗಳು ಅಡಗಿರುತ್ತವೆ, ತೋರಿಸಿಕೊಡುವುದು ಸಿಕೆ. ಪ್ಲಾಸ್ಮಸೈಟಾಯ್ಡ್ ಯೂರೋಥೀಲಿಯಲ್ ಕಾರ್ಸಿನೋಮಾ ಸಿಡಿ138 (ಪ್ಲಾಸ್ಮಾ ಕೋಶಗಳ ಗುರುತು) ಪಾಸಿಟಿವ್ ಆಗಿ ಮೈಲೋಮಾ (ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಎಂದು ದಾರಿ ತಪ್ಪಿಸುತ್ತದೆ; ಅಲ್ಲೂ ಸಿಕೆ ಬೇಕು.

ಪೆಟ್ ಸ್ಕ್ಯಾನ್ ಆಗುವ ತನಕ ರಿಪೋರ್ಟಿನಲ್ಲಿ 'ಪ್ರೈಮರಿ' ಅಂತ ಬರೆಯಬೇಡಿ. ಬೇರೆ ಕಡೆಯ ಲಿಂಫೋಮಾ ಮೂತ್ರಕೋಶಕ್ಕೆ ಹಬ್ಬಿರಬಹುದು. ಪೆಟ್‌ಗೆ ಚುಚ್ಚುವ ಎಫ್‌ಡಿಜಿ (ವಿಕಿರಣ ಸೂಸುವ ಸಕ್ಕರೆ) ಮೂತ್ರದಲ್ಲೇ ಹೊರಹೋಗುವುದರಿಂದ ಮೂತ್ರಕೋಶವೆಲ್ಲ ಹೊಳೆದು ಗಡ್ಡೆ ಮುಚ್ಚಿಹೋಗುತ್ತದೆ. ಫ್ರುಸೆಮೈಡ್ (ಮೂತ್ರ ಹೆಚ್ಚಿಸುವ ಮದ್ದು) ಕೊಟ್ಟು, ಮೂತ್ರ ಮಾಡಿಸಿ, ತಡವಾಗಿ ಇನ್ನೊಂದು ಪೆಲ್ವಿಸ್ ಇಮೇಜ್ ತೆಗೆಯಲು ಪೆಟ್ ಸೆಂಟರಿಗೆ ಮೊದಲೇ ಹೇಳಿಡಿ.