ಆಯಾಸಂ ಅಂದ್ರೆ ಸುಸ್ತಲ್ಲ

ಹೋದ ವಾರ ಕಾಲೇಜಿನ ಜೂನಿಯರ್ ಒಬ್ಳು ಫೋನ್ ಮಾಡಿದ್ಲು. ಸಿಎಚ್‌ಓ (ಹಳ್ಳಿ ಸಬ್‌ಸೆಂಟರ್‌ನ ಸಮುದಾಯ ಆರೋಗ್ಯ ಅಧಿಕಾರಿ) ಪೋಸ್ಟಿಗೆ ಪಾವಗಡ ತಾಲೂಕು ಸಿಕ್ಕಿದೆ ಅಕ್ಕ, ಹೋಗ್ಲಾ ಬೇಡ್ವಾ, ಅಲ್ಲಿ ಉಳ್ಕೊಳ್ಳೋಕೆ ಮನೆ ಸಿಗುತ್ತಾ, ನೀರು ಹೆಂಗೆ, ಬಸ್ಸು ಎಷ್ಟೊತ್ತಿಗೆ, ಹಾವು ಗೀವು ಜಾಸ್ತಿನಾ ಅಂತ ಒಂದೇ ಉಸಿರಲ್ಲಿ ಕೇಳಿದ್ಲು. ಎಲ್ಲಕ್ಕೂ ಉತ್ತರ ಹೇಳಿ ಕೊನೆಗೆ, ತೆಲುಗು ಬರುತ್ತೇನೇ ಅಂದೆ. ಇಲ್ವಲ್ಲ ಅಕ್ಕ, ಅದು ನಮ್ಮ ತುಮಕೂರು ಜಿಲ್ಲೆನೇ ತಾನೇ ಅಂದ್ಲು. ಮೂರು ವರ್ಷದ ಹಿಂದೆ ನಾನೂ ಹಿಂಗೇ ಅಂದ್ಕೊಂಡು ಇದೇ ಪೋಸ್ಟಿಗೆ ಬಂದವ್ಳು.

ನಮ್ಮೂರು ತಿಪಟೂರು ಕಡೆ. ತೆಂಗಿನ ತೋಟ ಬಿಟ್ರೆ ಬೇರೆ ನೋಡಿದ್ದೇ ಇಲ್ಲ. ಪಾವಗಡ ನಮ್ಮ ಜಿಲ್ಲೆದೇ ಆದ್ರೂ ಮ್ಯಾಪ್ ತೆಗೆದು ನೋಡಿ, ಹೆಚ್ಚುಕಮ್ಮಿ ಸುತ್ತಾ ಆಂಧ್ರ. ತುಮಕೂರಿಂದ ಮಧುಗಿರಿ ಮೇಲೆ ಬಂದ್ರೆ ನೂರು ಕಿಲೋಮೀಟ್ರು ಹತ್ತತ್ರ, ಶನಿವಾರ ಆದ್ರಂತೂ ಶನಿಮಹಾತ್ಮನ ದೇವಸ್ಥಾನಕ್ಕೆ ಬರೋರ ಮಧ್ಯೆ ನಿಂತ್ಕೊಂಡೇ ಬರ್ಬೇಕು. ಕಡ್ಲೆಕಾಯಿ ಹೊಲ, ಬಂಡೆ, ತಿರುಮಣಿ ಕಡೆ ಹೋದ್ರೆ 13 ಸಾವಿರ ಎಕರೆ ಸೋಲಾರ್ ಪ್ಲೇಟು, 2,050 ಮೆಗಾವ್ಯಾಟ್ ಅಂತೆ, ನಮ್ಮ ಸಬ್‌ಸೆಂಟರ್‌ನಲ್ಲಿ ಕರೆಂಟ್ ಹೋದಾಗ ಈ ಲೆಕ್ಕ ನೆನಪಾಗುತ್ತೆ.

ಇಲ್ಲಿ ಸ್ಕೂಲು ಕನ್ನಡ, ಬೋರ್ಡು ಕನ್ನಡ, ಹುಡುಗ್ರು ನನ್ನ ಹತ್ರ ಚೆನ್ನಾಗೇ ಕನ್ನಡ ಮಾತಾಡ್ತಾರೆ. ಆದ್ರೆ ಮನೆ ಒಳಗೆ ತೆಲುಗು. ನೋವು ಅಂತ ಬಂದಾಗ ಯಾರ ಬಾಯಲ್ಲಾದ್ರೂ ಮನೆ ಮಾತೇ ಅಲ್ವಾ ಬರೋದು.

ಬಂದ ಹೊಸದ್ರಲ್ಲಿ ಒಬ್ಬ ಅಜ್ಜಿ ಬಂದು 'ಕಳ್ಳು ತಿರುಗ್ತಾಂಡಾಯ್' ಅಂದ್ರು. ನಾನು ನಗು ತಡ್ಕೊಂಡು, ಈ ವಯಸ್ಸಲ್ಲಿ ಕಳ್ಳು ಕುಡಿತೀರಾ ಅಜ್ಜಿ, ಬಿಟ್ಬಿಡಿ ಅಂದೆ. ಅಜ್ಜಿ ನನ್ನ ಮುಖವನ್ನೇ ನೋಡ್ತಾ ಕೂತ್ರು. ತೆಲುಗಲ್ಲಿ ಕಳ್ಳು ಅಂದ್ರೆ ಕಣ್ಣುಗಳು, ಕಳ್ಳು ತಿರುಗೋದು ಅಂದ್ರೆ ತಲೆ ಸುತ್ತೋದು. ಬಿಪಿ ನೋಡಿದ್ರೆ 180 ದಾಟಿತ್ತು. ಇದನ್ನ ಈಗ್ಲೂ ಊರಲ್ಲಿ ಹೇಳ್ಕೊಂಡು ನಗ್ತಾರೆ, ನಗ್ಲಿ.

ಎರಡನೇದು ನಗೋ ಥರದ್ದಲ್ಲ.

ಊರು ಹೆಸರು ಬೇಡ. ಆರು ತಿಂಗಳ ಬಸುರಿ, ಎರಡನೇ ಹೆರಿಗೆ, ಕಡ್ಲೆಕಾಯಿ ಬಿಡಿಸೋ ಕೂಲಿಗೆ ಹೋಗೋಳು. ಅತ್ತೆ ಜೊತೆ ಬಂದು 'ಆಯಾಸಮೊಸ್ತಾಂದಮ್ಮಾ' ಅಂದ್ಲು. ಆಯಾಸ ತಾನೇ, ಇದು ನಮ್ಮ ಪದಾನೇ ಅಲ್ವಾ, ನಂಗೆ ಅರ್ಥ ಆಯ್ತು ಅಂತ ಖುಷಿನೂ ಆಯ್ತು ಅಂದ್ರೆ ನಂಬ್ತೀರಾ. ಸುಸ್ತು ಅಂತ ರಿಜಿಸ್ಟರ್‌ನಲ್ಲಿ ಬರ್ದೆ. ಬಿಪಿ ಸರಿಯಾಗಿತ್ತು. ಹಿಮೋಗ್ಲೋಬಿನ್ ನೋಡೋ ಸ್ಟ್ರಿಪ್ ಖಾಲಿ, ಇಂಡೆಂಟ್ ಹಾಕೋದು ನಾನೇ ಮರ್ತಿದ್ದೆ, ತಾಯಿ ಕಾರ್ಡಲ್ಲಿ ಎರಡು ತಿಂಗಳ ಹಿಂದಿನ 9.2 ಇತ್ತು, ಅದನ್ನೇ ನೋಡ್ಕೊಂಡೆ. ಇರ್ಲಿ ಅಂತ ಇ-ಸಂಜೀವಿನಿಲಿ ಡಾಕ್ಟರ್‌ಗೂ ವಿಡಿಯೋ ಕಾಲ್ ಹಾಕ್ದೆ, ಏನು ಕಂಪ್ಲೇಂಟು ಅಂದ್ರು, ವೀಕ್‌ನೆಸ್ ಸರ್ ಅಂದೆ. ಅವ್ರು ಕೇಳಿಸ್ಕೊಂಡಿದ್ದು ನನ್ನ ಮಾತು, ಅವಳದಲ್ಲ. ಕಬ್ಬಿಣದ ಮಾತ್ರೆ ಮುಂದುವರ್ಸಿ, ರೆಸ್ಟ್ ಮಾಡ್ಲಿ ಅಂದ್ರು. ಓಆರ್‌ಎಸ್ ಎರಡು ಪ್ಯಾಕೆಟ್ ಜೊತೆಗೆ ಕೊಟ್ಟು ಕಳಿಸ್ದೆ.

ಸಂಜೆ ಊರಿನ ಆಶಾ ಕಾರ್ಯಕರ್ತೆ ಬಂದ್ರು, ಆಶಾ ಅಕ್ಕ ಅಂತೀವಿ, ಅವ್ರ ಡೈರಿಗೆ ಇಳಿಸ್ಕೊಳ್ಳೋಕೆ ನನ್ನ ರಿಜಿಸ್ಟರ್ ನೋಡ್ತಿದ್ದೋರು ತಲೆ ಎತ್ತಿ, ಮೇಡಂ ಈ ಹುಡುಗಿ ನಿಮ್ಮತ್ರ ಏನಂದ್ಲು ಅಂತ ಕೇಳಿದ್ರು. ಆಯಾಸ ಅಂದ್ಲಕ್ಕ ಅಂದೆ.

"ಸುಸ್ತಿಗೆ ನಾವು ನೀರಸಂ ಅಂತೀವಿ ಮೇಡಂ. ಆಯಾಸಂ ಅಂದ್ರೆ ಉಬ್ಬಸ. ಉಸ್ರು ಸಿಗ್ದೆ ಇರೋದು."

ಟಾರ್ಚ್ ಹಿಡ್ಕೊಂಡು ಇಬ್ರೂ ಓಡಿದ್ವಿ. ಅವ್ಳು ಮಲಗಿರ್ಲಿಲ್ಲ, ಗೋಡೆಗೆ ಒರಗಿ ಕೂತಿದ್ಲು, ಮಲಗಿದ್ರೆ ಉಸ್ರು ಹಿಡಿಯುತ್ತಂತೆ. ಕೆಳಗಿನ ರೆಪ್ಪೆ ಎಳೆದು ನೋಡಿದ್ರೆ ಸುಣ್ಣದ ಥರ ಬೆಳ್ಳಗೆ. ನಾಡಿ 120ರ ಮೇಲೆ. ಮಧ್ಯಾಹ್ನ ಇವೆಲ್ಲಾ ನನ್ನೆದುರಿಗೇ ಕೂತಿದ್ವು, ರೆಪ್ಪೆ ಎಳೆದು ನೋಡೋಕೆ ಸ್ಟ್ರಿಪ್ಪೂ ಬೇಡ ಮಿಷನ್ನೂ ಬೇಡ, ಪದ ಗೊತ್ತಾಯ್ತು ಅನ್ನೋ ಧೈರ್ಯಕ್ಕೆ ಮುಖಾನೇ ನೋಡಿರ್ಲಿಲ್ಲ ನಾನು. 108ಗೆ ಫೋನ್ ಮಾಡಿದ್ವಿ. ತಾಲೂಕು ಆಸ್ಪತ್ರೆಲಿ ನೋಡಿದ್ರೆ ಹಿಮೋಗ್ಲೋಬಿನ್ 5.8. ಬಸುರಿಗೆ 11 ಇರ್ಬೇಕು, 7ಕ್ಕಿಂತ ಇಳಿದ್ರೆ ತೀವ್ರ ರಕ್ತಹೀನತೆ. ರಕ್ತದಲ್ಲಿ ಆಮ್ಲಜನಕ ಹೊರೋ ಸಾಮಾನೇ ಕಮ್ಮಿ ಆದಾಗ ಹೃದಯ ಎರಡರಷ್ಟು ದುಡಿದು ಸರಿದೂಗಿಸೋಕೆ ನೋಡುತ್ತೆ, ಅದೂ ಆಗ್ದಿದ್ದಾಗ ಹಿಂಗೆ ಉಸ್ರು ಕಟ್ಟುತ್ತೆ, ಆ ಸ್ಥಿತಿಲಿ ಮಾತ್ರೆ ಕೊಟ್ಟು ಮನೆಗೆ ಕಳ್ಸೋ ಹಂಗೇ ಇಲ್ಲ. ತುಮಕೂರಿಗೆ ಕರ್ಕೊಂಡು ಹೋಗಿ ಅಂದ್ರು. ಗಂಡ ಆಂಧ್ರದ ಹಿಂದೂಪುರಕ್ಕೆ ಹೋಗೋಣ, ಹತ್ರ, ನಮ್ಮೋರಿದ್ದಾರೆ ಅಂತ ಹಟ, ಆಂಬುಲೆನ್ಸ್ ಬಾಗಿಲಲ್ಲೇ ಜಗಳ. ಆಶಾ ಅಕ್ಕ ಏನೂ ಮಾತಾಡ್ಲಿಲ್ಲ, ಹತ್ತಿ ಹುಡುಗಿ ಪಕ್ಕ ಕೂತ್ಬಿಟ್ರು. ಜಗಳ ಮುಗೀತು. ಎರಡು ಬಾಟ್ಲು ರಕ್ತ ಹಾಕಿದ್ರು, ಮೂರು ತಿಂಗಳಾದ್ಮೇಲೆ ಹೆಣ್ಣು ಮಗು ಆಯ್ತು, 2.4 ಕೆಜಿ, ಇಬ್ರೂ ಚೆನ್ನಾಗಿದ್ದಾರೆ.

9.2 ಇದ್ದಿದ್ದು ಹಿಂಗ್ಯಾಕಾಯ್ತು ಅಂತ ಆಮೇಲೆ ಮನೆಗೆ ಹೋಗಿ ಕೂತ್ಕೊಂಡು ಕೇಳಿದ್ರೆ, ನಾನು ಕೊಟ್ಟ ಮಾತ್ರೆ ಎಲ್ಲಾ ಅಕ್ಕಿ ಡಬ್ಬದ ಹಿಂದೆ. ತಗೊಂಡ್ರೆ ಕಪ್ಪಗೆ ಹೋಗುತ್ತೆ ಅಂತ ಭಯ, ಜೊತೆಗೆ ವಾಂತಿ. ತಗೊಂಡ ದಿನನೂ ಟೀ ಜೊತೆ, ಟೀ ಕುಡಿದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಕಪ್ಪಗೆ ಹೋಗೋದು ಮಾಮೂಲಿ, ರಾತ್ರಿ ಊಟ ಆದ್ಮೇಲೆ ನಿಂಬೆಹಣ್ಣಿನ ನೀರಲ್ಲಿ ತಗೋ ಅನ್ನೋ ಎರಡು ಮಾತು ಅವಳಿಗೆ ಅರ್ಥ ಆಗೋ ಹಂಗೆ ಯಾರೂ ಹೇಳಿರ್ಲಿಲ್ಲ. ಯಾರೂ ಅಂದ್ರೆ ನಾನೇ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ನೊಪ್ಪಿ ಅಂದ್ರೆ ನೋವು. ಮೋಕಾಳ್ಳ ನೊಪ್ಪಿ, ಮಂಡಿ ನೋವು, ಇದಂತೂ ದಿನಾ, ಈ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ವಯಸ್ಸಾದೋರ ಹಲ್ಲು ನೋಡಿದ್ರೇ ಗೊತ್ತಾಗುತ್ತೆ. ಕಾನ್ಪು ಅಂದ್ರೆ ಹೆರಿಗೆ. ಪುಟ್ಟಿಲ್ಲು ಅಂದ್ರೆ ತವರು, ಈ ಪದ ಗೊತ್ತಿಲ್ದೆ ನನ್ನ ಲಿಸ್ಟಿಂದ ಎಷ್ಟು ಬಸುರಿಯರು ಮಾಯ ಆಗಿದ್ದಾರೋ. ಏಳನೇ ತಿಂಗಳಿಗೆ ಮಡಕಶಿರಾ, ಪೆನುಕೊಂಡ ಕಡೆ ತವರಿಗೆ ಹೋಗ್ತಾರೆ, ತಾಯಿ ಕಾರ್ಡು ಕರ್ನಾಟಕದ್ದು, ಹೆರಿಗೆ ಆಂಧ್ರದಲ್ಲಿ, ನಮ್ಮ ಆ್ಯಪ್‌ನಲ್ಲಿ ಅವ್ರು ಹೆರಿಗೆ ಆಗಿ ಎಂಟು ತಿಂಗಳಾದ್ರೂ ಬಸುರಿಯಾಗೇ ಇರ್ತಾರೆ. ಆಶಾ ಅಕ್ಕ ಅದಕ್ಕೂ ದಾರಿ ಮಾಡ್ಕೊಂಡಿದ್ದಾರೆ. ಗಡಿ ಆಚೆ ಅವ್ರ ಚಿಕ್ಕಮ್ಮನ ಮಗಳೂ ಆಶಾನೇ, ಒಂದು ಫೋನ್ ಸಾಕು, ಮಗು ತೂಕದ ಸಮೇತ ಸುದ್ದಿ ಬರುತ್ತೆ.

ಅಕ್ಕ ಓದಿರೋದು ಎಸ್‌ಎಸ್‌ಎಲ್‌ಸಿ. ನಾನು ಬಿಎಸ್ಸಿ ನರ್ಸಿಂಗು, ಕಾಂಟ್ರಾಕ್ಟು, ನನಗಿಂತ ಮುಂಚೆ ಇಲ್ಲಿಗೆ ಇಬ್ರು ಬಂದು ಹೋಗಿದ್ದಾರೆ. ಒಬ್ರು ವಿಜಯಪುರ ಕಡೆಯೋರಂತೆ. ಅವ್ರಿಗೂ ಕಳ್ಳು, ಆಯಾಸಂ ಎಲ್ಲಾ ಒಂದೊಂದಾಗಿ ಅಕ್ಕನೇ ಹೇಳ್ಕೊಟ್ಟಿದ್ದು, ಅವ್ರು ಹೋದ್ರು, ಕಲ್ತಿದ್ದೂ ಅವ್ರ ಜೊತೆನೇ ಹೋಯ್ತು, ನಾನು ಬಂದೆ, ಮತ್ತೆ ಅ ಆ ಇ ಈ. ನಮಗೆ ಆ್ಯಪಿಗೆ ಟ್ರೈನಿಂಗ್ ಇದೆ, ಶುಗರ್ ಬಿಪಿ ಸ್ಕ್ರೀನಿಂಗ್‌ಗೆ ಇದೆ, ಯೋಗಕ್ಕೂ ಇದೆ, ಈ ತಾಲೂಕಿಗೆ ಬರೋರಿಗೆ ಒಂದು ಪುಟ ತೆಲುಗು ಮಾತ್ರ ಇಲ್ಲ. ಪ್ರತಿ ಹೊಸಬ್ರು ಕಲಿಯೋವರ್ಗೂ ಅದರ ಫೀಸ್ ಕಟ್ಟೋರು ಪೇಷಂಟ್‌ಗಳೇ.

ಆ ಅಕ್ಕನಂಥೋರು ಸಾವಿರ ಜನಕ್ಕೆ ಒಬ್ರು ಅಂತ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್, ಅಂದ್ರೆ ಎನ್‌ಆರ್‌ಎಚ್‌ಎಂ ಲೆಕ್ಕ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಎಲ್ಲಾ ಆಶಾಗಳಿಗೂ ಸೇರಿಸಿ ಅವಾರ್ಡ್ ಕೊಡ್ತು. 2025ರ ಜನವರಿಲಿ ಅದೇ ಆಶಾಗಳು ಗೌರವಧನ ಜಾಸ್ತಿ ಮಾಡಿ ಅಂತ ಬೆಂಗಳೂರು ಫ್ರೀಡಂ ಪಾರ್ಕಲ್ಲಿ ಹಗಲೂ ರಾತ್ರಿ ಚಳಿಲಿ ಕೂತಿದ್ರು, ನಮ್ಮ ಅಕ್ಕನೂ ಕಂಬಳಿ ತಗೊಂಡು ಹೋಗಿದ್ರು. ಅಷ್ಟೂ ದಿನ ನಾನಿಲ್ಲಿ ಮೂಕಿ ಥರ ಕೂತಿದ್ದೆ, ಬಂದೋರು ಅಕ್ಕ ಯಾವಾಗ ಬರ್ತಾರೆ ಅಂತ ಕೇಳ್ಕೊಂಡು ವಾಪಸ್ ಹೋಗೋರು.

ಜೂನಿಯರ್‌ಗೆ ಬಾ ಅಂತಾನೇ ಹೇಳ್ದೆ. ಒಳ್ಳೆ ಜನ, ಒಂದು ಸಲ ನಂಬಿದ್ರೆ ಕಡ್ಲೆಕಾಯಿ ಮೂಟೆನೇ ತಂದು ಬಾಗಿಲಲ್ಲಿ ಇಟ್ಟು ಹೋಗ್ತಾರೆ. ನೋಟ್‌ಬುಕ್‌ನ ಹನ್ನೊಂದು ಪುಟ ಫೋಟೋ ತೆಗೆದು ವಾಟ್ಸಾಪ್ ಮಾಡ್ದೆ. ಮೊದಲನೇ ಸಾಲು ಯಾರ ಕೈಬರಹ ಅಕ್ಕ, ನಿಮ್ದಲ್ವಲ್ಲ ಅಂತ ಕೇಳಿದ್ಲು. ಆಶಾ ಅಕ್ಕಂದು ಅಂದೆ, ಅವ್ರನ್ನ ಕೇಳಿ ನಂಬರ್ ಕೊಡ್ತೀನಿ, ಆದ್ರೆ ಫೋನ್ ಮಾಡೋದಾದ್ರೆ ಸಂಜೆ ಏಳರ ಮೇಲೆ ಮಾಡು, ಅಲ್ಲಿವರ್ಗೂ ಅವ್ರು ಕೂಲಿಗೆ ಹೋಗಿರ್ತಾರೆ ಅಂದೆ.