ತಿರುಗಾಟ ಎಲ್ಲ ಬಂದ್ ಅಲ್ವಾ?

"ಮಗು ಆದ ಮೇಲೆ ತಿರುಗಾಟ ಎಲ್ಲ ಬಂದ್ ಅಲ್ವಾ?"

ಮದುವೆ ಮನೆಯಲ್ಲಿ ಕೇಳುತ್ತಾರೆ. ಮೀನು ಮಾರ್ಕೆಟ್ಟಿನಲ್ಲಿ ಕೇಳುತ್ತಾರೆ. ಮಗಳಿಗೆ ಇಂಜೆಕ್ಷನ್ ಹಾಕಿಸಲು ಹೋದಾಗ, ಅವಳು ಕಿರುಚಿ ಅಳುತ್ತಿರುವಾಗಲೇ, ಹಳೇ ಪರಿಚಯದವರೊಬ್ಬರು ಅಳುವಿಗಿಂತ ದೊಡ್ಡ ಸ್ವರದಲ್ಲಿ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೆ ಒಮ್ಮೆ ಸರಿಯಾಗಿ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಲ್ಲ. ಬಂದ್ ಆಗಿಲ್ಲ. ಕಡಿಮೆ ಆಗಿದೆ, ನಿಧಾನ ಆಗಿದೆ, ಚೀಲದ ಭಾರ ಜಾಸ್ತಿ ಆಗಿದೆ. ಅಷ್ಟೇ.

ಇಷ್ಟಕ್ಕೆ ಬಿಟ್ಟರೆ ನನಗೂ ಸಿಟ್ಟು ಬರುತ್ತಿರಲಿಲ್ಲ. ಆದರೆ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಒಂದು ಸಮಾಧಾನ ಇರುತ್ತದೆ. ಮಿನಿ ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಮಳೆಗಾಲದಲ್ಲಿ ಜೋಗ ನೋಡಲು ಓಡಿ ಕುಣಿಯುತ್ತಿದ್ದ ಹುಡುಗಿ ಅಂತೂ ಮನೆಯಲ್ಲಿ ಕೂತಳು ಅನ್ನುವ ಸಮಾಧಾನ. ನಾನು "ಇಲ್ಲ, ಹೋಗ್ತೇನೆ" ಅಂದ ಕೂಡಲೇ ಅದು ಇಳಿಯುತ್ತದೆ. ತಕ್ಷಣ ಎರಡನೇ ಪ್ರಶ್ನೆ.

"ಹೌದಾ! ಹಾಗಾದ್ರೆ ಮಗು ಯಾರ ಹತ್ರ?"

ಇದಕ್ಕೆ ಸರಿ ಉತ್ತರವೇ ಇಲ್ಲ. ಮನೆಯಲ್ಲಿ ಬಿಟ್ಟು ಹೋದೆ ಅಂದರೆ "ಅಯ್ಯೋ, ಹೇಗೆ ಮನಸ್ಸು ಬಂತು ನಿಂಗೆ?" ಕರೆದುಕೊಂಡು ಹೋದೆ ಅಂದರೆ "ಅಷ್ಟು ಸಣ್ಣ ಮಗುವನ್ನಾ?"

ಉಡುಪಿಯಲ್ಲಿ ಒಂದು ಮದುವೆ ಊಟದಲ್ಲಿ ನಾನು, ನನ್ನ ಗಂಡ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಎದುರಿಗೆ ಅವರ ದೊಡ್ಡಮ್ಮ. ನಮ್ಮ ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ಇವರು ಆಫೀಸಿನವರ ಜೊತೆ ಮುಳ್ಳಯ್ಯನಗಿರಿಗೆ ಹೋಗಿ ಬಂದಿದ್ದರು. ನಾನೇ ಹೋಗಿ ಬನ್ನಿ ಅಂದಿದ್ದೆ. ಆ ವಿಷಯ ಬಂದಾಗ ದೊಡ್ಡಮ್ಮ ಇವರ ಹತ್ತಿರ ಪ್ರೀತಿಯಿಂದ ಕೇಳಿದರು, "ಚಳಿ ಹೇಗುಂಟು ಅಲ್ಲಿ? ಸ್ವೆಟರ್ ಇತ್ತಾ?" ಹೋಳಿಗೆ ಬರುವಷ್ಟರಲ್ಲಿ ನಾನು ಗೆಳತಿಯರ ಜೊತೆ ಗೋಕರ್ಣಕ್ಕೆ ಹೋದ ಸುದ್ದಿ ಬಂತು. "ಮಗು ಯಾರ ಹತ್ರ ಇತ್ತು?" ನನ್ನ ಗಂಡ ಎಲೆಯಿಂದ ತಲೆ ಎತ್ತಿ, "ದೊಡ್ಡಮ್ಮ, ನಾನು ಹೋದಾಗ ಮಗು ಯಾರ ಹತ್ರ ಇತ್ತು ಅಂತ ನೀವು ಕೇಳ್ಲೇ ಇಲ್ಲ" ಅಂದರು. ದೊಡ್ಡಮ್ಮ ನಕ್ಕು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಅವರು ಕೆಟ್ಟವರಲ್ಲ. ಆ ಪ್ರಶ್ನೆಯನ್ನು ಗಂಡಸಿಗೆ ಕೇಳಬಹುದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು ಗಮನಿಸಿದ್ದೇನೆ. 2017ರ ಕಾನೂನು ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ. ಅದು ಮುಗಿದು ನಾನು ಕೆಲಸಕ್ಕೆ ಹೊರಟಾಗ ಮಗು ಯಾರ ಹತ್ತಿರ ಅಂತ ಈ ಸ್ವರದಲ್ಲಿ ಯಾರೂ ಕೇಳಲಿಲ್ಲ. ದಿನಕ್ಕೆ ಎಂಟೊಂಬತ್ತು ಗಂಟೆ ಮಗುವಿನಿಂದ ದೂರ ಇದ್ದೆ. ಅದಕ್ಕೆ ಎಲ್ಲರೂ "ಪಾಪ, ಏನು ಮಾಡೋದು" ಅಂದರು. ಸಂಬಳಕ್ಕೆ ಮಗುವನ್ನು ಬಿಟ್ಟರೆ ಪಾಪ, ಗೆಳತಿಯರಿಗೆ ಬಿಟ್ಟರೆ ಸೊಕ್ಕು. ಗೆಳತಿಯರು ಅಂದರೆ ಅಷ್ಟು ಹಗುರ ನಮ್ಮಲ್ಲಿ.

ನಿಜವಾಗಿ ತಿಳಿದುಕೊಳ್ಳಲು ಕೇಳುವವರೂ ಇದ್ದಾರೆ, ಹೆಚ್ಚಾಗಿ ಹೊಸ ತಾಯಂದಿರು. ಅವರಿಗೆ ನನಗೆ ಗೊತ್ತಿದ್ದದ್ದು ಹೇಳುತ್ತೇನೆ. ರೈಲು ಒಳ್ಳೆಯದು. ಐದು ವರ್ಷದ ಒಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ ಬೇಕಾಗಿಲ್ಲ. ಎದ್ದು ಓಡಾಡಬಹುದು, ಮಗುವಿಗೆ ಕಿಟಕಿ ಸಿಗುತ್ತದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಊಟದ ಡಬ್ಬಿಯ ಗೊಡವೆ ಇಲ್ಲ. ಮಗುವನ್ನು ಬಿಟ್ಟು ಹೋಗುವುದಾದರೆ ಪಂಪ್ ಬೇಕು. ತೆಗೆದ ಹಾಲು ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ಹೊರಗೆ 25 ಡಿಗ್ರಿಯವರೆಗೆ ನಾಲ್ಕು ಗಂಟೆ. ನಮ್ಮ ಕರಾವಳಿಯ ಏಪ್ರಿಲ್ ತಿಂಗಳಲ್ಲಿ 25 ಡಿಗ್ರಿಯನ್ನು ಎಲ್ಲಿಂದ ತರೋದು? ಐಸ್ ಪ್ಯಾಕ್ ಇರುವ ಚೀಲ ಇಟ್ಟುಕೊಳ್ಳಿ. ಹೊತ್ತು ಹೊತ್ತಿಗೆ ಹಾಲು ತೆಗೆಯದಿದ್ದರೆ ಎದೆ ಕಟ್ಟಿಕೊಂಡು ಜ್ವರ ಬರಬಹುದು. ಮಗು ಯಾರ ಹತ್ರ ಅಂತ ಕೇಳಿದವರಲ್ಲಿ ಒಬ್ಬರೂ ಈ ವಿಷಯ ಕೇಳಿಲ್ಲ.

ಇಷ್ಟೆಲ್ಲ ಸಾಮಾನಿನ ಮಾತು. ಕಲಿತರೆ ಬರುತ್ತದೆ. ಮಗು ಆದ ಮೇಲೆ ನನಗೆ ನಿಜವಾಗಿ ಕಷ್ಟ ಆದದ್ದು ಬೇರೆ ಕಡೆ.

ನಾವು ನಾಲ್ವರು ಕಾಲೇಜಿನಿಂದ ಒಟ್ಟಿಗೆ ತಿರುಗಿದವರು. ಬಾಣಂತನಕ್ಕೆ ನಾನು ಕಟಪಾಡಿಯ ಅಮ್ಮನ ಮನೆಗೆ ಹೋದೆ. ಗಾಳಿಗೆ ಬರಬೇಡ, ತಣ್ಣೀರು ಮುಟ್ಟಬೇಡ, ಮೊಬೈಲ್ ನೋಡಿದರೆ ಕಣ್ಣು ಹೋಗುತ್ತದೆ. ಗೆಳತಿಯರು ಫೋನ್ ಮಾಡಿದರೆ ಅಮ್ಮನೇ ಎತ್ತಿ "ಮಲಗಿದ್ದಾಳೆ" ಅನ್ನುತ್ತಿದ್ದರು. ನಾನು ಮಲಗಿದ್ದದ್ದೂ ಹೌದು. ಆ ತಿಂಗಳುಗಳ ಬಗ್ಗೆ ನನಗೆ ದೂರು ಇಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದು ಅಮ್ಮ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

ವಾಪಸ್ ಉಡುಪಿಗೆ ಬಂದ ಮೇಲೆ ಒಂದು ದಿನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮೂವರ ಫೋಟೋ ನೋಡಿದೆ. ಕುದುರೆಮುಖದ ಹಸಿರು ಹುಲ್ಲು, ಮೂವರ ಮುಖದಲ್ಲೂ ಬೆವರು, ನಗು. ಕುದುರೆಮುಖ ಹತ್ತಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಉಂಟು, ಮೊದಲೇ ಬುಕ್ ಮಾಡಬೇಕು. ಬೆಳಿಗ್ಗೆ ಎದ್ದು ಹೊರಟ ಟ್ರಿಪ್ ಅದಲ್ಲ. ಮಾತಾಡಿದ್ದಾರೆ, ದಿನ ನೋಡಿದ್ದಾರೆ, ದುಡ್ಡು ಹಂಚಿದ್ದಾರೆ. ನಮ್ಮ ಗುಂಪಿನಲ್ಲಿ ಅದರ ಒಂದು ಮೆಸೇಜೂ ಇಲ್ಲ. ನಾನಿಲ್ಲದ ಬೇರೆ ಗುಂಪೊಂದು ಆಗಿತ್ತು.

ಮಗಳಿಗೆ ಹಾಲು ಕೊಡುತ್ತಾ ಒಂದು ಕೈಯಲ್ಲಿ ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ತುಂಬ ಅತ್ತೆ. ರಾತ್ರಿ ಆ ಮೂವರಲ್ಲಿ ಕುಂದಾಪುರದವಳಿಗೆ ಫೋನ್ ಮಾಡಿದೆ.

"ಹೇಳಿದ್ರೆ ನಿಂಗೆ ಬರ್ಲಿಕ್ಕೆ ಆಗ್ತಿತ್ತಾ ಮಾರಾಯ್ತಿ? ಮಗು ಉಂಟಲ್ಲ. ಸುಮ್ನೆ ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

"ಬರ್ಲಿಕ್ಕೆ ಆಗ್ತಿರ್ಲಿಲ್ಲ. ಆದ್ರೆ ಆಗೋದಿಲ್ಲ ಅಂತ ನಾನು ಹೇಳ್ಬೇಕಿತ್ತು. ನೀವಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಗೋಕರ್ಣಕ್ಕೆ ಬರ್ತೀಯಾ?" ಅಂದಳು. ಅಷ್ಟೇ ನನಗೆ ಬೇಕಾಗಿದ್ದದ್ದು.

ಮಗಳಿಗೆ ಎಂಟು ತಿಂಗಳಾದಾಗ ಹೋದೆವು. ಮಡಗಾಂವ್ ಕಡೆಯ ರೈಲು, ಉಡುಪಿಯ ಇಂದ್ರಾಳಿ ಸ್ಟೇಷನ್ನಿನಿಂದ. ಗೆಳತಿಯರಲ್ಲಿ ಇಬ್ಬರು ಬಂದಿದ್ದರು, ಸುರತ್ಕಲ್‌ನವಳಿಗೆ ಬರಲಾಗಲಿಲ್ಲ. ಭಟ್ಕಳ ದಾಟುವಾಗ ಮಗಳಿಗೆ ಹಸಿವಾಯಿತು. ಬೋಗಿ ತುಂಬ ಜನ. ಕುಂದಾಪುರದವಳು ಎದ್ದು, ಎರಡೂ ಕೈಯಲ್ಲಿ ತನ್ನ ಶಾಲು ಅಗಲಿಸಿ ಹಿಡಿದು ನನ್ನ ಸೀಟಿಗೆ ಅಡ್ಡ ನಿಂತಳು. ರೈಲು ಅಲ್ಲಾಡಿದಾಗ ಅವಳೂ ಅಲ್ಲಾಡುತ್ತಿದ್ದಳು, ಶಾಲು ಮಾತ್ರ ಇಳಿಯಲಿಲ್ಲ. ಎದುರಿನ ಸೀಟಿನ ಅಮ್ಮ ಒಬ್ಬರು ಅವಳನ್ನು ನೋಡಿ, "ನಿಮಗೆ ಎಷ್ಟು ಮಕ್ಕಳು?" ಅಂದರು. "ಮದುವೆ ಆಗ್ಲಿಲ್ಲ" ಅಂದಳು. "ಬೇಗ ಆಗ್ಲಿ" ಅಂದರು ಅವರು. ಇವಳು ಶಾಲು ಹಿಡಿದುಕೊಂಡೇ "ಮೊದ್ಲು ಇವಳ ಮಗುವಿನ ಹೊಟ್ಟೆ ತುಂಬ್ಲಿ" ಅಂದಳು. ಆ ಅಮ್ಮನೂ ನಕ್ಕರು. ನನ್ನನ್ನು ತಿರುಗಾಟದ ಬಗ್ಗೆ ಪೀಡಿಸುವ ಹಾಗೆ ಅವಳನ್ನು ಮದುವೆಯ ಬಗ್ಗೆ ಪೀಡಿಸುತ್ತಾರೆ. ಅದು ನನಗೆ ಅವತ್ತು ಸರಿಯಾಗಿ ಕಂಡಿತು.

ಹೊನ್ನಾವರದಲ್ಲಿ ಶರಾವತಿ ಸೇತುವೆ ಬಂತು. ಕೊಂಕಣ ರೈಲ್ವೆಯಲ್ಲೇ ಉದ್ದದ ಸೇತುವೆ, ಎರಡು ಕಿಲೋಮೀಟರಿಗಿಂತ ಜಾಸ್ತಿ. ಸದ್ದು ಬದಲಾದ ಕೂಡಲೇ ಮಗಳು ಹಾಲು ಬಿಟ್ಟು ಕಿಟಕಿಗೆ ತಿರುಗಿದಳು. ನೀರು ಮುಗಿಯುವವರೆಗೂ ಕಣ್ಣು ಮುಚ್ಚಲಿಲ್ಲ.

ಗೋಕರ್ಣದಲ್ಲಿ ನಾವು ನೋಡಿದ್ದು ಸ್ವಲ್ಪ. ಮಹಾಬಲೇಶ್ವರನ ದರ್ಶನ ಆಯಿತು, ಕುಡ್ಲೆ ಬೀಚಿನಲ್ಲಿ ಒಂದು ಸಂಜೆ ಕೂತೆವು, ಓಂ ಬೀಚಿಗೆ ಹೋಗಲೇ ಇಲ್ಲ. ಉಳಿದುಕೊಂಡಿದ್ದ ಮನೆಯಲ್ಲಿ ಅಡುಗೆಗೆ ಒಲೆ ಇತ್ತು. ರಾತ್ರಿ ಕುಂದಾಪುರದವಳು ಮಗಳಿಗೆ ರಾಗಿ ಮಣ್ಣಿ ಮಾಡುತ್ತೇನೆ ಅಂತ ಹಟ ಹಿಡಿದಳು. ಜೀವನದಲ್ಲಿ ಮೊದಲ ಸಲ. ಮೊದಲಿನದು ಗಂಟು ಗಂಟಾಯಿತು. ಅದನ್ನು ನಾವು ಬೆಲ್ಲ ಹಾಕಿ ತಿಂದೆವು. ಎರಡನೆಯದಕ್ಕೆ ಸಣ್ಣ ಉರಿ ಇಟ್ಟು, ಒಲೆಯ ಮುಂದೆ ನಿಂತು ಸೌಟು ತಿರುವುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಅಪ್ಪನಿಗೆ ಡಯಾಲಿಸಿಸ್ ಶುರು ಆಗಿದೆ. ವಾರಕ್ಕೆ ಎರಡು ಸಲ. ನಾನೇ ಕರ್ಕೊಂಡು ಹೋಗೋದು."

ಯಾವಾಗಿನಿಂದ ಅಂತ ಕೇಳಿದೆ. ನಾನು ಬಾಣಂತಿಯಾಗಿದ್ದಾಗಿನಿಂದ.

"ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ನಿಂದೇ ಸಾಕಷ್ಟು ಉಂಟಲ್ಲ."

ಕುದುರೆಮುಖದ ಫೋಟೋ ನೋಡಿ ಅತ್ತದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಅಲ್ಲಾಡಿಸಿತು. ಹನ್ನೆರಡನೇ ತರಗತಿಯ ರಿಸಲ್ಟಿನ ಭಯದಿಂದ ಹಿಡಿದು ಕೈಬಿಟ್ಟ ಕೆಲಸದವರೆಗೆ ಅವಳು ನನಗೆ ಹೇಳದ ಕಷ್ಟ ಇರಲಿಲ್ಲ. ಅವಳ ಅಪ್ಪ ನನ್ನನ್ನು "ಮಗಾ" ಅಂತ ಕರೆಯುವವರು. ಅವರಿಗೆ ಹುಷಾರಿಲ್ಲ ಅನ್ನುವುದು ನನಗೆ ಗೊತ್ತಿಲ್ಲ. ಗಂಟೆಗಟ್ಟಲೆ ಆಸ್ಪತ್ರೆಯ ಕುರ್ಚಿಯಲ್ಲಿ ಅವಳು ಒಬ್ಬಳೇ ಕೂತಿದ್ದಾಳೆ. ಅದೇ ಹೊತ್ತಿಗೆ ನಾನು ಮನೆಯಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಮಾತಿಗೆ ಯಾರೂ ಇಲ್ಲ ಅಂತ ಗೋಡೆ ನೋಡುತ್ತಾ ಕೂತಿದ್ದೇನೆ. ಇಬ್ಬರ ಕೈಯಲ್ಲೂ ಫೋನ್ ಇತ್ತು.

ತಾಯಿಯಾದವಳಿಗೆ ಎಲ್ಲರೂ ಒಳ್ಳೆಯದನ್ನೇ ಬಯಸುತ್ತಾರೆ. ತೊಂದರೆ ಕೊಡಬಾರದು ಅಂತ ಕರೆಯುವುದನ್ನು ಬಿಡುತ್ತಾರೆ. ಮನಸ್ಸಿಗೆ ನೋವಾಗಬಾರದು ಅಂತ ಕಷ್ಟ ಹೇಳುವುದನ್ನು ಬಿಡುತ್ತಾರೆ. ಕೊನೆಗೆ ಅವಳ ಹತ್ತಿರ ಮಾತಾಡಲು ಮಗುವಿನ ತೂಕ, ನಿದ್ದೆ, ಹಲ್ಲು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಆಮೇಲೆ ಇವಳಿಗೆ ಮಗುವಿನದೇ ಮಾತು ಅಂತ ದೂರುತ್ತಾರೆ.

ಹಾಗಾಗಿ ನನ್ನನ್ನು ಏನಾದರೂ ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ನಿನ್ನ ಗೆಳತಿಯರು ಈಗಲೂ ನಿನಗೆ ಅವರ ಕಷ್ಟ ಹೇಳುತ್ತಾರಾ? ಇಷ್ಟು ಸಮಯದಲ್ಲಿ ಒಬ್ಬರೂ ಇದನ್ನು ಕೇಳಿಲ್ಲ. ಕೇಳಿದರೆ ಹೇಳಲು ನನ್ನ ಹತ್ತಿರ ತುಂಬ ಇದೆ. ಈಗ ಶನಿವಾರದ ಡಯಾಲಿಸಿಸ್‌ಗೆ ನಾನೂ ಹೋಗುತ್ತೇನೆ, ಆದ ವಾರ. ಮಗಳು ನನ್ನ ಗಂಡನ ಹತ್ತಿರ ಇರುತ್ತಾಳೆ. ಹೋಗಲು ಆಗದ ವಾರ ಫೋನಿನಲ್ಲಿ ಮಾತಾಡುತ್ತೇವೆ. ಮಗಳು ಮಧ್ಯದಲ್ಲಿ ಕಿರುಚುತ್ತಾಳೆ, ಅಲ್ಲಿ ನರ್ಸ್ ಕರೆಯುತ್ತಾರೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಮಾರನೇ ದಿನ ಅಲ್ಲಿಂದಲೇ ಶುರು ಮಾಡುತ್ತೇವೆ.

ಅವತ್ತು ಗೋಕರ್ಣಕ್ಕೆ ಬರಲಾಗದ ಸುರತ್ಕಲ್‌ನವಳಿಗೆ ಈಗ ಹೆರಿಗೆ ಆಗಿದೆ, ಗಂಡು ಮಗು. ನಾನು ವಾರವಾರ ಕರೆಯುತ್ತೇನೆ. ದೂರಕ್ಕೆ ಅಲ್ಲ, ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವ ಕಾಪು ಬೀಚಿಗೆ, ಒಂದು ಗಂಟೆ ಕೂತು ಬರಲು. ಅವಳು ಪ್ರತಿ ಸಲ ಆಗೋದಿಲ್ಲ ಅನ್ನುತ್ತಾಳೆ. ಮಗುವಿಗೆ ಶೀತ, ಅತ್ತೆ ಊರಲ್ಲಿಲ್ಲ, ರಾತ್ರಿ ನಿದ್ದೆ ಇಲ್ಲ. ಎಲ್ಲವೂ ನಿಜ. "ಅವಳು ಬರೋದಿಲ್ಲ ಅಂತ ಗೊತ್ತುಂಟಲ್ಲ, ಯಾಕೆ ಸುಮ್ನೆ ಕೇಳ್ತೀಯಾ?" ಅಂತ ನಮ್ಮ ಅಮ್ಮನಿಗೆ ಆಶ್ಚರ್ಯ. ನಾನು ಕೇಳುವುದು ನಿಲ್ಲಿಸುವುದಿಲ್ಲ. ಹೋದ ವಾರ ಅವಳಾಗಿಯೇ ಫೋನ್ ಮಾಡಿ, ಗಂಡನ ಜೊತೆ ಜಗಳ ಆದದ್ದನ್ನು ಅರ್ಧ ಗಂಟೆ ಹೇಳಿದಳು. ಈ ಭಾನುವಾರ ಮಳೆ ಬಿಟ್ಟರೆ ಕಾಪು. ಬಿಡದಿದ್ದರೆ ಗೋಳಿಬಜೆ ಕಟ್ಟಿಸಿಕೊಂಡು ನಾನೇ ಸುರತ್ಕಲ್‌ಗೆ ಹೋಗುತ್ತೇನೆ.